ಭಂಡಾರ ಮುಟ್ಟಿದ ಕೈ

ವೇದಿಕೆಯ ಮೇಲೆ ಭಾಷಣ ಮಾಡುವವನ ಪಕ್ಕದಲ್ಲಿ ನಿಂತು ಅದನ್ನೇ ಇನ್ನೊಂದು ಭಾಷೆಯಲ್ಲಿ ಹೇಳುವವನಿಗೆ ಒಂದು ಸಂಗತಿ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಭಾಷಣದಲ್ಲಿ ಏನೂ ಇಲ್ಲ. ಕೇಳುವವರು ಧ್ವನಿಗೆ ಮರುಳಾಗಬಹುದು, ಹಾರಕ್ಕೆ, ಜೀಪಿಗೆ, ಜೀಪು ಎಬ್ಬಿಸಿದ ಧೂಳಿಗೆ ಮರುಳಾಗಬಹುದು. ತಿರುಗಿಸಿ ಹೇಳಬೇಕಾದವನು ಮಾತ್ರ ಒಳಗೆ ಕೈ ಹಾಕಿ ನೋಡಲೇಬೇಕು. ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ನಡೆದ ವಿಧಾನಸಭೆಯ ಚುನಾವಣೆಯಲ್ಲಿ ನಾನು ಒಬ್ಬ ಉಮೇದವಾರನ ಭಾಷಣಗಳೊಳಗೆ ಹಾಗೆ ಕೈ ಹಾಕಿ ನೋಡಿದೆ. ಖಾಲಿ ಗಡಿಗೆಯಲ್ಲಿ ಕೈ ಆಡಿಸಿದಂತಾಯಿತು.

ಆಗ ನಾನು ಸೊಲ್ಲಾಪುರದ ಕೋರ್ಟಿನ ಆವರಣದಲ್ಲಿ ಕುಳಿತು ಅರ್ಜಿ ಬರೆಯುತ್ತಿದ್ದೆ. ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಂದ ಬಂದ ಸಾಕ್ಷಿಗಳು ಕನ್ನಡದಲ್ಲಿ ಹೇಳಿದ್ದನ್ನು ಪುಣೆ ಕಡೆಯಿಂದ ಬಂದ ನ್ಯಾಯಾಧೀಶರಿಗೆ ಮರಾಠಿಯಲ್ಲಿ ಹೇಳುವ ಕೆಲಸವೂ ನನ್ನದೇ ಆಗಿತ್ತು. ಅದನ್ನು ನನಗೆ ಕಲಿಸಿದವರು ಕೋರ್ಟಿನ ಹಳೆಯ ಶಿರಸ್ತೇದಾರರು. ಅವರು ಕಲಿಸಿದ್ದು ಒಂದೇ ಪಾಠ. "ಸಾಕ್ಷಿ ಬೈದರ ನೀನೂ ಬೈ. ಸಾಕ್ಷಿ ಕೆಮ್ಮಿದರ ನೀನೂ ಕೆಮ್ಮು. ನಿನ್ನ ಶ್ಯಾಣೇತನ ಮನ್ಯಾಗ ಇಟ್ಟು ಬಾ." ನಾನು ಹಾಗೆಯೇ ನಡೆದುಕೊಂಡೆ. ಒಮ್ಮೆ ಒಬ್ಬ ರೈತ ಎದುರು ವಕೀಲರನ್ನು ಕತ್ತೆ ಎಂದ. ನಾನೂ ವಕೀಲರ ಕಡೆ ತಿರುಗಿ, ಮುಖದಲ್ಲಿ ನಗು ಬಾರದಂತೆ ನೋಡಿಕೊಂಡು, ಮರಾಠಿಯಲ್ಲಿ ಕತ್ತೆ ಎಂದೆ. ನ್ಯಾಯಾಧೀಶರು ಕಾಗದದೊಳಗೆ ಮುಖ ಹುದುಗಿಸಿಕೊಂಡರು. ವಕೀಲರು ನನ್ನನ್ನು ಮಾತಾಡಿಸುವುದನ್ನು ಬಿಟ್ಟರು, ಆದರೆ ಹಳ್ಳಿಯವರು ನನ್ನನ್ನೇ ಹುಡುಕಿಕೊಂಡು ಬರತೊಡಗಿದರು.

ನಮ್ಮ ಉಮೇದವಾರ ಸೊಲ್ಲಾಪುರದ ದೊಡ್ಡ ಬಟ್ಟೆ ವ್ಯಾಪಾರಿ ಮನೆತನದವನು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಅವನ ಮಗ್ಗಗಳ ಶೆಡ್ಡು ಇತ್ತು. ಅಲ್ಲಿ ದುಡಿಯುವ ಅರ್ಧ ಮಂದಿ ಕನ್ನಡದವರು, ಆದರೆ ಅವನಿಗೆ ಬರುತ್ತಿದ್ದ ಕನ್ನಡ 'ಲಗೂ ಮಾಡು', 'ಸುಮ್ಮ ಕುಂಡ್ರು' ಇಷ್ಟೇ. ಅಷ್ಟರಿಂದ ಶೆಡ್ಡು ನಡೆಯುತ್ತದೆ, ಚುನಾವಣೆ ನಡೆಯುವುದಿಲ್ಲ. ಅವನು ಹುಟ್ಟಾ ಹಳೇ ಪಕ್ಷದವನು. ಆ ಪಕ್ಷ ಆಗಷ್ಟೇ ಒಡೆದು ಎರಡಾಗಿತ್ತು. ಒಂದು ಹೋಳಿನ ಬಾಗಿಲಿಗೆ ಹೋಗಿ ಟಿಕೀಟು ಕೇಳಿದ, ಸಿಗಲಿಲ್ಲ. ಇನ್ನೊಂದು ಹೋಳಿನ ಬಾಗಿಲಿಗೆ ಹೋದ, ಅಲ್ಲೂ ಇಲ್ಲ. ಅದೇ ವಾರ ಅವನಿಗೆ ದೇಶದಲ್ಲಿ ಪ್ರಜಾಪ್ರಭುತ್ವ ಅಪಾಯದಲ್ಲಿದೆ ಎಂಬ ಅರಿವು ಮೂಡಿತು. ಎಲ್ಲ ವಿರೋಧಿಗಳು ಕೂಡಿ ಕಟ್ಟಿಕೊಂಡಿದ್ದ ಹೊಸ ಪಕ್ಷಕ್ಕೆ ಹೋದ. ಅವರಿಗೆ ದುಡ್ಡಿರುವವನು ಬೇಕಾಗಿದ್ದ, ಇವನಿಗೆ ಚಿಹ್ನೆ ಬೇಕಾಗಿತ್ತು. ಕುರುಡನಿಗೆ ಕುಂಟ ಜೋಡಿಯಾದ.

ಅವನ ಮುನೀಮ ನನ್ನನ್ನು ಹುಡುಕಿಕೊಂಡು ಕೋರ್ಟಿಗೆ ಬಂದ.

"ನಮ್ಮ ಧನ್ಯಾರಿಗಿ ಕನ್ನಡ ಬರಂಗಿಲ್ಲರಿ. ಹಳ್ಳಿ ಮಂದಿಗಿ ಮರಾಠಿ ಬರಂಗಿಲ್ಲ. ನೀವು ನಡುವ ನಿಲ್ಲಬೇಕು" ಎಂದ.

ನನಗೆ ನಗು ಬಂತು. ಆ ಹಳ್ಳಿಗಳ ಮಂದಿ ಮರಾಠಿಯಲ್ಲಿ ಬೀಜ ಕೊಳ್ಳುತ್ತಾರೆ, ಮರಾಠಿಯಲ್ಲಿ ಎಸ್ಟಿ ಬಸ್ಸಿನ ಟಿಕೀಟು ತೆಗೆಯುತ್ತಾರೆ, ತಹಸೀಲದಾರರ ಮುಂದೆ ಮರಾಠಿಯಲ್ಲಿ ಅಳುತ್ತಾರೆ. ಅವರಿಗೆ ತಿಳಿಯದ ಮರಾಠಿಯೇ ಇಲ್ಲ. ಆದರೂ ಒಪ್ಪಿಕೊಂಡೆ. ಕೂಲಿ ಚೆನ್ನಾಗಿತ್ತು. ಅದೂ ಅಲ್ಲದೆ ನನ್ನ ಬಾಯಿಯ ಬಗ್ಗೆ ನನಗೊಂದು ಜಂಬ ಇತ್ತು, ಕೋರ್ಟಿನ ನಾಲ್ಕು ಗೋಡೆಯ ಆಚೆ ಅದನ್ನು ಆಡಿಸಿ ನೋಡುವ ಚಪಲ.

ಕೆಲಸ ಶುರುವಾದ ಮೇಲೆ ಅದರ ತೊಡಕುಗಳು ತಿಳಿದವು. ಮೈಕು ಒಂದೇ. ಅದನ್ನು ಅವನು ಬಿಡುತ್ತಿರಲಿಲ್ಲ, ಮಗು ಬೊಂಬೆ ಹಿಡಿದ ಹಾಗೆ ಹಿಡಿದಿರುತ್ತಿದ್ದ. ನಾನು ಅವನ ಎಡ ಮೊಳಕೈಗೆ ಅಂಟಿ ನಿಂತು, ಅವನು ಉಸಿರು ತೆಗೆದುಕೊಳ್ಳುವಾಗ ಕುತ್ತಿಗೆ ಚಾಚಿ ಮೈಕಿಗೆ ಬಾಯಿ ಕೊಡಬೇಕು. ಒಂದು ಮಾತು ಮುಗಿದ ಕೂಡಲೇ ನನ್ನ ತೋಳು ಮುಟ್ಟಬೇಕೆಂದು ಗೊತ್ತುಮಾಡಿಕೊಂಡಿದ್ದೆವು. ಮೊದಲ ಸಭೆಯಲ್ಲೇ ಅವನು ಅದನ್ನು ಮರೆತ. ಅವನ ಮಾತು ಒಮ್ಮೆ ಹೊರಟರೆ ಶೇತ್ಕರಿ ಎಂದು ರೈತರನ್ನು, ಕಾಮಗಾರ ಎಂದು ಕೂಲಿಗಳನ್ನು, ಮಹಿಳಾ, ತರುಣ ಎಲ್ಲರನ್ನೂ ಹೊತ್ತುಕೊಂಡು ಹೋಗಿ, ಯಾರಿಗೆ ಏನು ಮಾಡುತ್ತಾನೆ ಎಂಬಲ್ಲಿಗೆ ಬರುವಾಗ ಚಪ್ಪಾಳೆಯಲ್ಲಿ ಮುಳುಗಿಹೋಗುತ್ತಿತ್ತು. ಮಾಡುವುದು ಏನೆಂದು ಅವನಿಗೂ ಗೊತ್ತಿರಲಿಲ್ಲ. ಅದನ್ನು ನಾನೇ ಊಹಿಸಿ ಹೇಳಬೇಕಾಗುತ್ತಿತ್ತು.

ಹೀಗೆ ಊಹಿಸುವುದೇ ರೂಢಿಯಾಯಿತು. ಅವನು "ಪ್ರಯತ್ನ ಕರೂ" ಎಂದರೆ, ಪ್ರಯತ್ನ ಮಾಡೋಣ ಎಂದಷ್ಟೇ ಅರ್ಥ. ನಾನು "ಮಾಡಿ ತೋರಸ್ತೀನಿ" ಎನ್ನುತ್ತಿದ್ದೆ. ಅವನು ವಿರೋಧಿಗಳನ್ನು ನಾಜೂಕಾಗಿ ಬೈದರೆ ನಾನು ಒಂದು ಗಾದೆ ಸೇರಿಸಿ ಜನ ನಗುವ ಹಾಗೆ ಬೈಯುತ್ತಿದ್ದೆ. ಒಂದು ಊರಿನಲ್ಲಿ ಮಾತಿನ ನಡುವೆ ಮೈಕಿನ ಬ್ಯಾಟರಿ ಸತ್ತಿತು. ಅವನು ಬಾಯಿ ಮುಚ್ಚಿ ನಿಂತುಬಿಟ್ಟ. ನಾನು ಮೈಕಿಲ್ಲದೆಯೇ, ಅವನು ಹೇಳದೇ ಇದ್ದ ಮಾತನ್ನೆಲ್ಲ ಗಂಟಲು ಹರಿಯುವ ಹಾಗೆ ಕೂಗಿ ಮುಗಿಸಿದೆ. ಜೋರು ಚಪ್ಪಾಳೆ. ಜೀಪು ಹತ್ತಿದ ಮೇಲೆ ಅವನು ನನ್ನ ಕಡೆ ಬಾಗಿ, ತಾನು ಕೊನೆಗೆ ಏನು ಹೇಳಿದೆ ಎಂದು ಕೇಳಿದ. ಹೇಳಿದೆ. "ಲೋಕ ವೇಡೇ ಝಾಲೇ" ಎಂದು ಹೆಮ್ಮೆಪಟ್ಟ. ಜನ ಹುಚ್ಚರಾದರು ಎಂದು. ಹುಚ್ಚರಾದವರು ಯಾರು ಎಂದು ನಾನು ಬಾಯಿ ಬಿಡಲಿಲ್ಲ.

ಪ್ರಚಾರ ಮುಗಿಯುವ ಹೊತ್ತಿಗೆ ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಗೆ ಹೋದೆವು. ಅದು ನನ್ನ ಅಕ್ಕನನ್ನು ಕೊಟ್ಟ ಊರು.

ಆ ಊರಿಗೆ ಒಂದು ಗಾಯ ಇತ್ತು. ತುರ್ತು ಪರಿಸ್ಥಿತಿಯಲ್ಲಿ ಅಕ್ಕನ ಗಂಡ ಹೋರಿ ಕೊಳ್ಳಲು ಅಕ್ಕಲಕೋಟದ ಸಂತೆಗೆ ಹೋಗಿದ್ದ. ತಾಲೂಕು ಪಂಚಾಯತಿ ಸಮಿತಿಯ ಸಭಾಪತಿಯ ಮಂದಿ ಅವನನ್ನು ಜೀಪಿಗೆ ಹಾಕಿಕೊಂಡು ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ ಶಿಬಿರಕ್ಕೆ ಒಯ್ದರು. ಸಂಜೆ ಊರಿಗೆ ಬಂದಾಗ ಅವನ ಕೈಯಲ್ಲಿ ಹೋರಿಯ ಹಗ್ಗ ಇರಲಿಲ್ಲ, ಸರಕಾರ ಕೊಟ್ಟ ತುಪ್ಪದ ಡಬ್ಬಿ ಇತ್ತು. ಆಗ ಅವರಿಗೆ ಇದ್ದವಳು ಒಬ್ಬಳೇ ಮಗಳು. ಆ ಡಬ್ಬಿಯನ್ನು ಅಕ್ಕ ತಿಪ್ಪೆಗೆ ಎಸೆದಳು. ಆ ಊರಿನಲ್ಲಿ ಹಾಗೆ ಡಬ್ಬಿ ತಂದವರು ಇನ್ನೂ ಹಲವರಿದ್ದರು. ಸಭಾಪತಿ ಹಳೇ ಪಕ್ಷದವನು. ಮೇಲಿನವರು ಹಾಕಿಕೊಟ್ಟ ಗುರಿ ಮುಟ್ಟಿದ್ದಕ್ಕೆ ಅವನಿಗೆ ಜಿಲ್ಲೆಯಲ್ಲಿ ಶಾಲು ಹೊದಿಸಿದ್ದರು.

ಸಭೆ ನಡೆದದ್ದು ಮಹಾಲಿಂಗರಾಯನ ಗುಡಿಯ ಕಟ್ಟೆಯ ಮೇಲೆ. ಭಾಷಣ ಮುಗಿದ ಮೇಲೆ ಊರ ಪಾಟೀಲರು ಎದ್ದರು. ವಯಸ್ಸಾದ ಮನುಷ್ಯ, ಸಾವಕಾಶ ಮಾತು.

"ನೀವು ಆರಿಸಿ ಬರ್ರಿ, ನಾವು ಬ್ಯಾಡ ಅನ್ನಂಗಿಲ್ಲ. ಊರ ವೋಟು ಎಲ್ಲಾ ನಿಮಗ. ಆದ್ರ ಆ ಸಭಾಪತಿ ಕೂಡ, ಅವನ ಮಂದಿ ಕೂಡ ಎಂದೂ ಕುಂಡ್ರಂಗಿಲ್ಲ ಅಂತ ಭಂಡಾರ ಮುಟ್ಟರಿ."

ನಾನು ಮರಾಠಿಯಲ್ಲಿ ಹೇಳಿದೆ. ಗುಡಿಯ ಪೂಜಾರಿ ತಾಟಿನಲ್ಲಿ ಭಂಡಾರ ತಂದ. ಹುಲಜಂತಿಯ ದೇವರಿಂದ ತಂದ ಅರಿಶಿನದ ಪುಡಿ ಅದು. ಆ ಕಡೆ ಜಗಳ, ಪಾಲು, ಬೀಗತನ ಎಲ್ಲವೂ ಅದರ ಮೇಲೆಯೇ ತೀರ್ಮಾನವಾಗುವುದು. ಮುಟ್ಟಿ ತಪ್ಪಿದವನಿಗೆ ಆ ಊರಿನ ನೀರು ಇಲ್ಲ. ಯಾರೂ ಕೊಡುವುದಿಲ್ಲ, ತಾಯಿಯೂ ಕೊಡುವುದಿಲ್ಲ. ಇದು ಉಮೇದವಾರನಿಗೆ ಗೊತ್ತಿಲ್ಲದ ವಿಷಯವಲ್ಲ. ಅವನ ಶೆಡ್ಡಿನ ಆಳುಗಳು ಇಂಥ ಊರುಗಳಿಂದಲೇ ಬರುವವರು.

ಅವನು ಕೈಯನ್ನು ಜುಬ್ಬದ ಜೇಬಿನಿಂದ ತೆಗೆಯಲಿಲ್ಲ. ಹಲ್ಲು ಕಿರಿದು, ಇವರೇ ನನ್ನ ನಾಲಿಗೆ, ನನ್ನ ಆಣೆಯನ್ನೂ ಇವರೇ ಹೇಳಲಿ ಎಂದು ಮರಾಠಿಯಲ್ಲಿ ಹೇಳಿದ. ನಾನು ಅದನ್ನು ಕನ್ನಡಕ್ಕೆ ತರಲೆಂದು ಬಾಯಿ ತೆರೆಯುವಷ್ಟರಲ್ಲಿ ನನ್ನ ಮುಂಗೈ ಹಿಡಿದು ತಾಟಿನ ಮೇಲೆ ಒತ್ತಿದ, ನನ್ನ ಕೈಯ ಮೇಲೆ ತನ್ನ ಕೈ ಇಟ್ಟುಕೊಂಡ. ಪೂಜಾರಿ ಕಣ್ಣು ಮುಚ್ಚಿ ದೇವರ ಹೆಸರು ಕೂಗುತ್ತಿದ್ದ. ಹಿಂದಿನಿಂದ ಪಕ್ಷದ ಹುಡುಗರು ಗುಲಾಲು ಎರಚುತ್ತ ನುಗ್ಗಿದರು. "ಬಸಣಾರ ನಾಹೀ" ಎಂದು ಅವನು ಮೈಕಿನಲ್ಲಿ ಕೂಗಿದ. ನನ್ನ ಬಾಯಿ ತನ್ನ ರೂಢಿಯಂತೆ ಕೆಲಸ ಮಾಡಿತು. "ಆ ಮಂದಿ ಕೂಡ ನಾ ಎಂದೂ ಕುಂಡ್ರಂಗಿಲ್ಲ!"

ಕೆಳಗಿಳಿದು ನೋಡಿಕೊಂಡರೆ ನನ್ನ ಅಂಗೈ ತುಂಬ ಹಳದಿ. ಅವನು ಜೇಬಿನಿಂದ ಕರವಸ್ತ್ರ ತೆಗೆದು ಗುಲಾಲು ಒರೆಸಿಕೊಂಡ, ಒರೆಸಲು ಭಂಡಾರದ ಒಂದು ಕಣವೂ ಅವನ ಕೈಗೆ ಹತ್ತಿರಲಿಲ್ಲ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರ ಬಗ್ಗೆ ಕೇಳಿದ್ದೆ. ನನ್ನನ್ನೇ ತಳ್ಳಿದ್ದು ತಿಳಿಯಲು ಐದು ತಿಂಗಳು ಹಿಡಿಯಿತು.

ಅವನು ಆರಿಸಿ ಬಂದ. ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗೆ? ಪೇಡೆ ಕೊಡಲು ಮುನೀಮ ಬಂದದ್ದೇ ಕೊನೆ. ಮುಂಬಯಿಯಲ್ಲಿ ಹೊಸ ಪಕ್ಷಕ್ಕೆ ಎಲ್ಲರಿಗಿಂತ ಹೆಚ್ಚು ಜಾಗ ಬಂದಿದ್ದವು, ಆದರೆ ಪೂರ್ತಿ ಬಹುಮತ ಇರಲಿಲ್ಲ. ಅಷ್ಟರಲ್ಲಿ, ಪ್ರಚಾರದುದ್ದಕ್ಕೂ ಒಬ್ಬರನ್ನೊಬ್ಬರು ದ್ರೋಹಿ ಎಂದು ಬೈದಾಡಿದ್ದ ಹಳೇ ಪಕ್ಷದ ಎರಡು ಹೋಳುಗಳು ಒಂದೇ ತಾಟಿನಲ್ಲಿ ಉಣ್ಣಲು ಕುಳಿತು ಸರಕಾರ ಮಾಡಿದವು. ಮಳೆಗಾಲ ಬರುತ್ತಲೇ ಅದರೊಳಗಿನ ಒಂದು ಗುಂಪು ತಾಟು ಬಿಟ್ಟು ಎದ್ದು ಬಂದು ಹೊಸ ಪಕ್ಷದವರ ಪಂಕ್ತಿಯಲ್ಲಿ ಕುಳಿತಿತು. ಸರಕಾರ ಉರುಳಿ ಇನ್ನೊಂದು ಸರಕಾರ ಎದ್ದಿತು. ನಿನ್ನೆಯವರೆಗೆ ಮಂತ್ರಿಗಳಾಗಿದ್ದವರಲ್ಲಿ ಕೆಲವರು ಇಂದೂ ಮಂತ್ರಿಗಳೇ. ಬಾಗಿಲ ಮೇಲಿನ ಹೆಸರಿನ ಪಾಟಿ ಬದಲಾಯಿತು, ಒಳಗಿನ ಕುರ್ಚಿ ಬೆಚ್ಚಗೇ ಇತ್ತು. ನಮ್ಮವನಿಗೆ ಯಾವುದೋ ಮಹಾಮಂಡಳದ, ಅಂದರೆ ಸರಕಾರಿ ನಿಗಮದ, ಅಧ್ಯಕ್ಷಗಿರಿ ಮತ್ತು ಒಂದು ಸರಕಾರಿ ಕಾರು ಸಿಕ್ಕವು. ಸೊಲ್ಲಾಪುರದಲ್ಲಿ ಅವನ ಸತ್ಕಾರ ಸಮಾರಂಭ ನಡೆಯಿತು. ಆ ವೇದಿಕೆಯಲ್ಲಿ ಅವನ ಬಲಗಡೆಯ ಕುರ್ಚಿಯಲ್ಲಿ ಕುಳಿತಿದ್ದವನು, ಎದ್ದು ಬಂದ ಗುಂಪಿನ ನಮ್ಮ ತಾಲೂಕಿನ ಮುಖಂಡ, ಅದೇ ಸಭಾಪತಿ.

ನಾನು ಅದನ್ನು ಪತ್ರಿಕೆಯಲ್ಲಿ ಓದಿ ಥೂ ಎಂದೆನೇ ಹೊರತು, ಅದು ನನ್ನ ತಲೆಯ ಮೇಲೆ ಬೀಳುತ್ತದೆ ಎಂದುಕೊಂಡಿರಲಿಲ್ಲ.

ಶ್ರಾವಣ ಬಂತು. ಪಂಚಮಿಗೆ ಅಕ್ಕನನ್ನು ತವರಿಗೆ ಕರೆತರಲು ಎಂದಿನಂತೆ ನಾನೇ ಹೋದೆ. ಬಸ್ಸು ಇಳಿದು ನಡೆದರೆ ಯಾರೂ 'ಯಾವಾಗ ಬಂದ್ರಿ' ಎನ್ನಲಿಲ್ಲ. ಗುಡಿಯ ಕಟ್ಟೆಯ ಮೇಲಿದ್ದವರು ಮುಖ ತಿರುಗಿಸಿಕೊಂಡರು. ಅಕ್ಕನ ಮನೆಯ ಬಾಗಿಲಲ್ಲಿ ಕಾಲು ತೊಳೆಯಲು ನೀರು ಬರಲಿಲ್ಲ. ಅಕ್ಕ ಹೊಸ್ತಿಲ ಒಳಗೇ ನಿಂತಿದ್ದಳು. ಕಣ್ಣು ಕೆಂಪಾಗಿದ್ದವು.

"ಒಳಗ ಬರಬ್ಯಾಡ ತಮ್ಮಾ. ನೀರ ಕೊಡಾಕ ಬರಂಗಿಲ್ಲ ನನಗ. ಪಂಚರು ಕೂಡಿ ಠರಾವ ಮಾಡ್ಯಾರ."

"ನಾ ಏನ ಮಾಡೀನಿ?"

"ನೀ ಭಂಡಾರ ಮುಟ್ಟಿದೆಲ್ಲ! ಅಂವ ಆ ಸಭಾಪತಿ ಕೂಡ ಕುಂತ ಹಾರ ಹಾಕಿಸ್ಕೊಂಡಾನ."

"ಅಂವ ನನ್ನ ಕೈ ಹಿಡದ ಒತ್ತಿದನವಾ! ಅವನ ಕೈ ಮ್ಯಾಲಿತ್ತು."

ಒಳಗಿನಿಂದ ಅಕ್ಕನ ಗಂಡ ಬಂದ. ಅವನು ಸಿಟ್ಟಿನ ಮನುಷ್ಯನಲ್ಲ. ಅಂದೂ ಸಿಟ್ಟು ಮಾಡಲಿಲ್ಲ, ಅದೇ ನನಗೆ ಕಷ್ಟವಾಯಿತು.

"ಅವನ ಕೈ ಯಾರೂ ನೋಡಿಲ್ಲ. ನಿನ್ನ ಕೈ ಹಳದಿ ಆಗಿದ್ದ ಊರೆಲ್ಲ ನೋಡೇತಿ. 'ಕುಂಡ್ರಂಗಿಲ್ಲ' ಅಂದದ್ದೂ ನಿನ್ನ ದನೀನ. ನನ್ನ ಸಲುವಾಗಿ ಊರ ಕೇಳಿದ ಮಾತು ಅದು. ನಾ ಹ್ಯಾಂಗ ಮುರೀಲಿ?" ಎಂದ.

ಅಕ್ಕ ಪಂಚಮಿಗೆ ಬರಲಿಲ್ಲ. ನೀರಿಲ್ಲದವನ ಹಿಂದೆ ಹೆಣ್ಣುಮಕ್ಕಳನ್ನು ಕಳಿಸುವ ಪದ್ಧತಿಯಿಲ್ಲ. ಅವ್ವ ಮನೆಯಲ್ಲಿ ಜೋಕಾಲಿ ಕಟ್ಟಿ, ಅಳ್ಳು ಹುರಿದು, ಬಾಗಿಲಲ್ಲೇ ಕಾಯುತ್ತ ಕುಳಿತಿದ್ದಳು. ನಾನೊಬ್ಬನೇ ಬಂದದ್ದನ್ನು ನೋಡಿ ಜೋಕಾಲಿ ಬಿಚ್ಚಿಟ್ಟಳು. ಅಂದು ನನಗೆ ಆದ ಹೊಟ್ಟೆಯುರಿ ಇಂದಿಗೂ ಆರಿಲ್ಲ. ಊರಿನ ಮೇಲೆ ಸಿಟ್ಟು ಬರಲಿಲ್ಲ. ಊರು ತನ್ನ ಮಾತನ್ನು ನಡೆಸಿತ್ತು. ನಡೆಸದವನು ಸರಕಾರಿ ಕಾರಿನಲ್ಲಿ ತಣ್ಣಗೆ ತಿರುಗುತ್ತಿದ್ದ.

ದಸರೆ ಹತ್ತಿರವಾಗುತ್ತಿದ್ದಾಗ ಮುನೀಮ ಮತ್ತೆ ಕೋರ್ಟಿಗೆ ಬಂದ. ಅಧ್ಯಕ್ಷರು ಒಂದು ಹಳ್ಳಿಯಲ್ಲಿ ರಸ್ತೆಯ ಭೂಮಿಪೂಜೆ ಇಟ್ಟುಕೊಂಡಿದ್ದಾರೆ, ಸಭಾಪತಿಯವರೂ ಬರುತ್ತಾರೆ, ನೀವು ಕನ್ನಡದಲ್ಲಿ ಹೇಳಬೇಕು ಎಂದ. ಯಾವ ಹಳ್ಳಿ ಎಂದರೆ, ಅದೇ ಹಳ್ಳಿ.

"ಅಲ್ಲಿ ಅವರು ನನ್ನ ಕೈಲೆ ಭಂಡಾರ ಮುಟ್ಟಿಸಿದ್ದು ನೆನಪೈತೇನು?" ಎಂದೆ.

ಮುನೀಮ ತಬ್ಬಿಬ್ಬಾದ. "ಎಂಥಾ ಭಂಡಾರ? ಪ್ರಚಾರದಾಗ ಎಲ್ಲಾ ಊರಾಗೂ ಏನಾರ ಮಾಡಸ್ತಾರ್ರಿ. ಆ ಊರಾಗ ನಮಗ ವೋಟು ಛಲೋ ಬಿದ್ದಾವ, ಅದಕ್ಕ ಅಲ್ಲೇ ಇಟ್ಟೇವಿ."

ಮೋಸ ಮಾಡುವವನಿಗೆ ತಾನು ಮೋಸ ಮಾಡಿದ್ದಾದರೂ ನೆನಪಿರಬೇಕು. ಈ ಮಂದಿಗೆ ಅಷ್ಟು ಮರ್ಯಾದೆಯೂ ಇರಲಿಲ್ಲ.

ಬರುವುದಿಲ್ಲ ಎನ್ನಲು ಬಾಯಿ ತೆರೆದವನು ಬರುತ್ತೇನೆ ಎಂದೆ. ಆ ಊರಿನಲ್ಲಿ ನನ್ನ ಮಾತನ್ನು ಯಾರೂ ಕೇಳುವಂತಿರಲಿಲ್ಲ, ಆದರೆ ವೇದಿಕೆಯ ಮೇಲೆ ನಿಂತರೆ ಕೇಳಲೇಬೇಕು. ಅಂದಿನಿಂದ ತಲೆಯಲ್ಲಿ ಅದೇ ಹುಳ. ಅವನು ಮರಾಠಿಯಲ್ಲಿ ಏನಾದರೂ ಹೇಳಲಿ, ನಾನು ಕನ್ನಡದಲ್ಲಿ ಅವನ ಮಾನ ಕಳೆಯುವುದು ಎಂದು ಮೊದಲು ಅಂದುಕೊಂಡೆ. ಒಳ್ಳೊಳ್ಳೆಯ ಬೈಗಳನ್ನೂ ಜೋಡಿಸಿಟ್ಟೆ. ಆಮೇಲೆ ತಿಳಿಯಿತು, ಅದು ನಡೆಯದ ಆಟ. ಊರಿಗೆ ಮರಾಠಿ ಬರುತ್ತದೆ. ಪ್ರಚಾರದಲ್ಲಿ ನಾನು ಸೇರಿಸಿದ್ದನ್ನು ನಕ್ಕು ಬಿಟ್ಟಿದ್ದರು, ಈಗ ಒಂದು ಮಾತು ತಿರುಚಿದರೂ ಅಲ್ಲೇ ಹಿಡಿಯುತ್ತಾರೆ. ಭಂಡಾರ ತಪ್ಪಿದವನು ಈಗ ಬಾಯಿಯೂ ತಪ್ಪಿದ ಎನ್ನುತ್ತಾರೆ, ಅಕ್ಕನ ಮನೆಯ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ.

ಆಗ ಶಿರಸ್ತೇದಾರರ ಪಾಠ ನೆನಪಾಯಿತು. ಈ ಮನುಷ್ಯನಿಗೆ ನಾನು ಅಷ್ಟು ದಿನ ಮಾಡಿದ್ದು ಕೋರ್ಟಿನ ಕೆಲಸವಲ್ಲ, ಸಿಂಗಾರದ ಕೆಲಸ. ಅವನ ಬೋಳು ಮಾತಿಗೆ ನನ್ನ ಗಾದೆಗಳ ಮುಂಡಾಸು ಸುತ್ತಿ ಊರೂರು ಮೆರೆಸಿದ್ದೆ. ಈ ಸಲ ಕೋರ್ಟಿನ ಹಾಗೆ ಹೇಳುವುದೆಂದು ತೀರ್ಮಾನಿಸಿದೆ. ಒಂದು ಅಕ್ಷರ ಸೇರಿಸಬಾರದು, ಒಂದು ಅಕ್ಷರ ಬಿಡಬಾರದು. ಅವನು ಕೆಮ್ಮಿದರೆ ಕೆಮ್ಮಬೇಕು.

ಭೂಮಿಪೂಜೆಯ ದಿನ ಬೆಳಿಗ್ಗೆ ಅದೇ ಕಟ್ಟೆಯ ಮೇಲೆ ಕುರ್ಚಿ ಹಾಕಿದ್ದರು. ಅಧ್ಯಕ್ಷ, ಅವನ ಬಲಕ್ಕೆ ಸಭಾಪತಿ. ಎಡ ಮೊಳಕೈಯ ಹತ್ತಿರ ನಾನು. ಎದುರಿಗೆ ಇಡೀ ಊರು ಕುಳಿತಿತ್ತು. ಗಂಡಸರ ಸಾಲಿನಲ್ಲಿ ಅಕ್ಕನ ಗಂಡ, ಗುಡಿಯ ಕಂಬದ ಬಳಿ ಅಕ್ಕ. ನನ್ನ ಗಂಟಲು ಒಣಗಿತ್ತು. ಕೇಳಿದ್ದರೆ ಆ ಊರಿನಲ್ಲಿ ನನಗೆ ನೀರು ಸಿಗುತ್ತಿರಲಿಲ್ಲ.

ಅಧ್ಯಕ್ಷ ಶುರು ಮಾಡಿದ. ನಾನು ಅವನು ಹೇಳಿದಷ್ಟನ್ನೇ ಹೇಳುತ್ತ ಹೋದೆ.

"ರಸ್ತೆ ಮಾಡಬೇಕು ಅಂತ ವಿಚಾರ ಐತಿ. ಮಂಜೂರಿ ಬಂದಿಲ್ಲ. ಬಂದರ ನೋಡೋಣ. ಇವತ್ತ ಪೂಜಿ ಅಷ್ಟ."

ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಇಂಥ ಬರಿಗೈ ಭಾಷಣವನ್ನು ಅವರು ಕನ್ನಡದಲ್ಲಿ ಕೇಳಿರಲಿಲ್ಲ. ಅವನು ಕೆಮ್ಮಿದ. ನಾನೂ ಕೆಮ್ಮಿದೆ. ಹೆಂಗಸರ ಕಡೆಯಿಂದ ಕಿಸಕ್ ಎಂದು ನಗು ಬಂತು. ಚಪ್ಪಾಳೆ ಬರದಿದ್ದಕ್ಕೆ ಅಧ್ಯಕ್ಷನಿಗೆ ಕಸಿವಿಸಿಯಾಯಿತು. ಮೈಕಿಗೆ ಕೈ ಅಡ್ಡ ಹಿಡಿದು ಸಭಾಪತಿಯ ಕಡೆ ಬಾಗಿ ಪಿಸುಗುಟ್ಟಿದ. "ಹೇ ಲೋಕ ಕುಠೇ ಜಾಣಾರ? ಗುಲಾಲ ಟಾಕಲಾ ಕೀ ನಾಚತಾತ." ಅದು ಕೇಳಿಸಿದ್ದು ಸಭಾಪತಿಗೆ ಮತ್ತು ನನಗೆ ಮಾತ್ರ.

ನಾನು ಕುತ್ತಿಗೆ ಚಾಚಿ ಮೈಕಿಗೆ ಹೇಳಿದೆ. "ಈ ಮಂದಿ ಎಲ್ಲಿ ಹೊಕ್ಕಾರ? ಗುಲಾಲ ಒಗದರ ಕುಣೀತಾರ."

ಸಭೆ ಸ್ತಬ್ಧವಾಯಿತು. ಅಧ್ಯಕ್ಷನಿಗೆ ಕನ್ನಡ ತಿಳಿಯದು, ಅವನು ಗಂಭೀರ ಮಾತಿಗೆ ಜನ ಗಂಭೀರವಾದರು ಎಂದುಕೊಂಡ. ಸಭಾಪತಿ ಅದೇ ತಾಲೂಕಿನವನು. ಅವನ ಮುಖ ಬಿಳುಚಿಕೊಂಡಿತು. ಅಧ್ಯಕ್ಷನ ಜುಬ್ಬ ಜಗ್ಗಿ ಕಿವಿಯಲ್ಲಿ ಹೇಳಿದ. ಅಧ್ಯಕ್ಷ ನನ್ನ ಕಡೆ ತಿರುಗಿ ಹಲ್ಲು ಕಚ್ಚಿ, "ತುಲಾ ಅಕ್ಕಲ ಆಹೇ ಕಾ? ಫಕ್ತ ಭಾಷಣ ಸಾಂಗ" ಎಂದ.

"ನಿನಗ ಅಕ್ಕಲ ಐತೇನು? ಭಾಷಣ ಅಷ್ಟ ಹೇಳು" ಎಂದು ನಾನು ಊರಿಗೆ ಹೇಳಿದೆ.

ಈಗ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಕ್ಕನ ಗಂಡ ನಗಲಿಲ್ಲ. ಪಾಟೀಲರೂ ನಗಲಿಲ್ಲ. ಅವರು ಎದ್ದು ನಿಂತರು. ನಗು ತಾನಾಗಿ ನಿಂತಿತು.

"ಸಾಹೇಬರ, ಆವತ್ತ ಇದ ಕಟ್ಟಿ ಮ್ಯಾಲ ಭಂಡಾರ ಮುಟ್ಟಿ ಆಣಿ ಮಾಡೀರಿ. ಇವರ ಕೂಡ ಕುಂಡ್ರಂಗಿಲ್ಲ ಅಂದೀರಿ. ಇವತ್ತ ಇವರ ಮಗ್ಗಲದಾಗ ಕುಂತೀರಿ. ಅದು ಯಾರ ಆಣಿ ಅನ್ನೋದ ಊರಿಗಿ ಹೇಳ್ರಿ."

ನಾನು ಮರಾಠಿಯಲ್ಲಿ ಹೇಳಿದೆ. ಅಧ್ಯಕ್ಷನಿಗೆ ಅದು ಈಗ ನೆನಪಾಯಿತು, ಮುಖದಲ್ಲಿ ಕಂಡಿತು. ಜೊತೆಗೆ ಒಂದು ನಿರಾಳವೂ ಕಂಡಿತು, ಏಕೆಂದರೆ ಉತ್ತರ ಪಕ್ಕದಲ್ಲೇ ನಿಂತಿತ್ತು. ನನ್ನ ಕಡೆ ಬೆರಳು ತೋರಿಸಿ ಜೋರಾಗಿ ಹೇಳಿದ. "ತೀ ಶಪಥ ಯಾನೇ ಘೇತಲೀ, ಮೀ ನಾಹೀ. ಮೀ ಫಕ್ತ ಯಾಚಾ ಹಾತ ಧರೂನ ಠೇವಲಾ. ಮಾಝಾ ಹಾತ ವರ ಹೋತಾ, ಸ್ವಚ್ಛ ಹೋತಾ."

ಇದನ್ನು ಕನ್ನಡದಲ್ಲಿ ಹೇಳಿದರೆ ನನ್ನ ಕುತ್ತಿಗೆಗೆ ನಾನೇ ಹಗ್ಗ ಹಾಕಿಕೊಂಡಂತೆ. ಬಿಡಬಹುದಿತ್ತು. 'ಸುಳ್ಳು ಹೇಳುತ್ತಿದ್ದಾನೆ' ಎಂದು ನನ್ನದೇ ಮಾತು ಸೇರಿಸಬಹುದಿತ್ತು. ಅಕ್ಕ ಕಂಬ ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾನು ಕೈ ಎತ್ತಿ, ಅವನ ಹಾಗೆಯೇ ನನ್ನ ಎದೆಗೆ ಬೆರಳು ತೋರಿಸಿ, ಅವನು ಹೇಳಿದಷ್ಟನ್ನು ಹೇಳಿದೆ.

"ಆ ಆಣಿ ಇಂವ ಮಾಡ್ಯಾನ, ನಾ ಮಾಡಿಲ್ಲ. ನಾ ಬರೇ ಇವನ ಕೈ ಹಿಡದ ಇಟ್ಟೀನಿ. ನನ್ನ ಕೈ ಮ್ಯಾಲಿತ್ತು, ಸ್ವಚ್ಛ ಇತ್ತು."

ಪಾಟೀಲರು ಪೂಜಾರಿಯ ಕಡೆ ನೋಡಿದರು. ಪೂಜಾರಿ ತಲೆದೂಗಿದ.

"ಹಿಡದ ಇಟ್ಟೀನಿ ಅಂತ ತನ್ನ ಬಾಯಿಲೇ ಹೇಳಿದ" ಎಂದರು ಪಾಟೀಲರು. "ಮುಟ್ಟಿಸಿದಾಂವ ಯಾರು, ತಿಳೀತು. ಎತ್ತಿನ ಕೊಳ್ಳಿಗಿ ನೊಗಾ ಹೇರಿದಾಂವ, ಹೊಲಾ ಎತ್ತಿಂದು ಅಂದ್ರ ನಡೀತೈತೇನು?"

ಅದು ಅವರು ಊರಿಗೆ ಹೇಳಿದ ಮಾತು, ಮರಾಠಿಗೆ ತರಲು ನನಗೆ ಯಾರೂ ಹೇಳಲಿಲ್ಲ. ಅಧ್ಯಕ್ಷ ಹೇಳಿದಂಥದ್ದನ್ನು ಕೋರ್ಟಿನಲ್ಲಿ ತಪ್ಪೊಪ್ಪಿಗೆ ಎನ್ನುತ್ತಾರೆ. ನಾನು ಶ್ರಾವಣದಲ್ಲಿ ಹೇಳಿ ಹೇಳಿ ಸೋತಿದ್ದ ಸಂಗತಿಯನ್ನು ಅವನು ತನ್ನ ಕೈ ಎಷ್ಟು ಸ್ವಚ್ಛ ಎಂದು ಮೆರೆಯುವ ಭರದಲ್ಲಿ ತಾನೇ ಊರ ಮುಂದೆ ಹೇಳಿದ್ದ.

ಪೂಜಾರಿ ಭಂಡಾರದ ತಾಟು ಹಿಡಿದು ಕಟ್ಟೆ ಹತ್ತಿದ. ಅಧ್ಯಕ್ಷನ ಮುಖ ಅರಳಿತು. ಆಣೆ ನನ್ನ ತಲೆಗೆ ಹೋಯಿತು, ಊರು ಸಮಾಧಾನಗೊಂಡು ತನಗೆ ಪ್ರಸಾದದ ಭಂಡಾರ ಕೊಟ್ಟು ಸತ್ಕಾರ ಮಾಡುತ್ತಿದೆ ಎಂದೇ ತಿಳಿದ. ಸೊಲ್ಲಾಪುರದಿಂದ ಕರೆತಂದಿದ್ದ ಫೋಟೋದವನನ್ನು ಹತ್ತಿರ ಕರೆದ, ಜುಬ್ಬದ ತೋಳು ಸರಿಸಿಕೊಂಡ, ನಗುತ್ತ ಬಲಗೈ ಚಾಚಿದ. ಪೂಜಾರಿ ಒಂದು ಮುಷ್ಟಿ ಭಂಡಾರ ತೆಗೆದು ಅವನ ಅಂಗೈ ತುಂಬಿ, ಬೆರಳು ಮಡಚಿ, ಮೇಲಿನಿಂದ ಗಟ್ಟಿಯಾಗಿ ಒತ್ತಿದ. ಕ್ಯಾಮೆರಾ ಕ್ಲಿಕ್ ಎಂದಿತು. ಆಣೆ ಅದರ ಯಜಮಾನನ ಕೈಗೆ ಹೋಗಿ ಸೇರಿತು. ಅದರ ಅರ್ಥ ಆ ವೇದಿಕೆಯಲ್ಲಿ ಸಭಾಪತಿಗೆ ಚೆನ್ನಾಗಿ ಗೊತ್ತಿತ್ತು. ಅವನು ತನ್ನ ಹೊಸ ಗೆಳೆಯನಿಗೆ ಒಂದು ಮಾತೂ ಹೇಳದೆ ಕಾಲ ಹೆಬ್ಬೆರಳು ನೋಡುತ್ತ ಕುಳಿತ. ಇಂಥವರ ಗೆಳೆತನ ಇಷ್ಟೇ.

ಹಳದಿ ಕೈಯಲ್ಲೇ ಅಧ್ಯಕ್ಷ ಗುದ್ದಲಿ ಹಿಡಿದು ನೆಲಕ್ಕೆ ಒಂದು ಏಟು ಹಾಕಿದ. ಬಿಸಿಲು ಜೋರಾಗಿತ್ತು. ಬೆವರು ಒರೆಸಿಕೊಂಡು ನೀರು ಕೇಳಿದ. ಯಾರೂ ಏಳಲಿಲ್ಲ. ಮತ್ತೊಮ್ಮೆ ಕೇಳಿದ. ನಾನು ಅದನ್ನೂ ಕನ್ನಡದಲ್ಲಿ ಹೇಳಿದೆ. ಪಾಟೀಲರು ಆಕಾಶ ನೋಡುತ್ತಿದ್ದರು. ಕೊನೆಗೆ ಡ್ರೈವರ್ ಕಾರಿನಿಂದ ಬಾಟಲಿ ತಂದುಕೊಟ್ಟ. ಕುಡಿದು, ನನ್ನ ಕಡೆ ನೋಡದೆ ಕಾರು ಹತ್ತಿದ. ಮುನೀಮನೂ ಹತ್ತಿದ. ಬಾಗಿಲು ಬಡಿದುಕೊಂಡು ಕಾರು ಹೋಯಿತು, ನನ್ನನ್ನು ಕರೆಯಲಿಲ್ಲ. ಬೀಳ್ಕೊಡಲು ಒಬ್ಬನೂ ರಸ್ತೆಯವರೆಗೆ ಹೋಗಲಿಲ್ಲ. ಆ ರಸ್ತೆಯೂ ಆಮೇಲೆ ಆಗಲಿಲ್ಲ.

ನಾನು ಕಟ್ಟೆಯ ಕೆಳಗೆ ನಿಂತೇ ಇದ್ದೆ. ಎಲ್ಲಿಗೆ ಹೋಗಬೇಕು ಎಂದು ತಿಳಿಯಲಿಲ್ಲ. ಅಕ್ಕನ ಗಂಡ ಬಂದು ಹೆಗಲ ಮೇಲೆ ಕೈ ಹಾಕಿ, "ನಡಿ ಮನಿಗಿ" ಎಂದ. ಓಣಿ ದಾಟಿ ಹೋದೆವು. ಅಕ್ಕ ನಮಗಿಂತ ಮುಂದೆ ಓಡಿಹೋಗಿ, ತುಂಬಿದ ತಂಬಿಗೆ ಹಿಡಿದು ಹೊಸ್ತಿಲ ಹೊರಗೆ ನಿಂತಿದ್ದಳು. ನಾನು ಎರಡೂ ಕೈ ಚಾಚಿದೆ. ಅವಳು ತಂಬಿಗೆಯನ್ನು ಹಿಂದೆ ಎಳೆದುಕೊಂಡಳು.

"ತಡಿ. ಎಂಥೆಂಥವರ ಮಾತ ಬಾಯಾಗ ಇಟಗೊಂಡ ತಿರಗೀದಿ. ಮೊದಲ ಬಾಯಿ ಮುಕ್ಕಳಿಸಿ ಉಗುಳು, ಆಮ್ಯಾಲ ಕುಡಿ" ಎಂದಳು.

ನಾನು ಅಂಗಳದ ಅಂಚಿಗೆ ಹೋಗಿ ಬಾಯಿ ಮುಕ್ಕಳಿಸಿ ಉಗುಳಿದೆ. ಅವಳು ನಿಂತು ನೋಡಿ, "ಇನ್ನೊಮ್ಮೆ" ಎಂದಳು.